ತಿಪ್ಪಮ್ಮ ಗಾಳಿಗೆ ‘ಹೋ’ ಅಂದದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀದಿಯ ಹಿಟ್ಟಿನ ಗಿರಣಿಯ ದಾಕ್ಷಾಯಣಕ್ಕ. ಕರೆಂಟು ಇದ್ದಾಗಲೂ ಅವರು ಸುಮ್ಮನಿರುತ್ತಿರಲಿಲ್ಲ, ಗಿರಣಿಯ ಸದ್ದಿಗೆ ನಮಗೆ ಕೇಳಿಸುತ್ತಿರಲಿಲ್ಲ, ಅಷ್ಟೆ. ಕರೆಂಟು ಹೋಯಿತೋ, ರಾಗಿ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ, ಮುಖದ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಂಡು ಶುರು ಮಾಡುತ್ತಿದ್ದರು. ನಡುವೆ ಕರೆಂಟು ಬಂದರೂ ಕಥೆ ಮುಗಿಯುವ ತನಕ ಸ್ವಿಚ್ಚು ಒತ್ತುತ್ತಿರಲಿಲ್ಲ. “ನಾನು ಹೇಳೋದರಲ್ಲಿ ಹಿಟ್ಟೆಷ್ಟು, ಹೊಟ್ಟೆಷ್ಟು ಅಂತ ನೀವೇ ಜರಡಿ ಹಿಡ್ಕೊಳ್ಳಿ” ಅನ್ನುತ್ತಿದ್ದರು.

ಜರಡಿ ಕೈಯಲ್ಲಿದೆ ತಾನೇ? ಹಾಗಾದರೆ ಕೇಳಿ.

ಸುಣ್ಣಗೋಟೆ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಧವಳರಾಯ ಅಂತ ಒಬ್ಬ ರಾಜ. ರಾಜ ಕೆಟ್ಟವನಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು, ಬಿಳುಪಿನ ಹುಚ್ಚು. ವರ್ಷಕ್ಕೆ ಮೂರು ಸಲ ಕೋಟೆಗೆ ಸುಣ್ಣ ಬಳಿಸುತ್ತಿದ್ದ. ಗೋಡೆ ಬಿಳಿ, ಕಂಬ ಬಿಳಿ, ಮೆಟ್ಟಿಲು ಬಿಳಿ. ಮಂತ್ರಿಗಳ ಮೀಸೆ ತಾನಾಗಿ ಬೆಳ್ಳಗಾಗುವುದಕ್ಕೂ ಕಾಯದೆ ಅದಕ್ಕೂ ಸುಣ್ಣ ಬಳಿಸಿಬಿಟ್ಟಾನು ಅಂತ ಜನ ನಗುತ್ತಿದ್ದರು.

ಕೋಟೆ ಇದ್ದದ್ದು ಗುಡ್ಡದ ತಲೆಯ ಮೇಲೆ. ಕೆಳಗಿನಿಂದ ಮೇಲಕ್ಕೆ ಏಳು ತಿರುವಿನ ಏರು. ಉಪ್ಪು, ಸೌದೆ, ಜೋಳ, ಅಷ್ಟೇ ಯಾಕೆ, ರಾಜನ ಸುಣ್ಣದ ಕಲ್ಲು ಕೂಡ ಆ ಏರು ಹತ್ತಬೇಕಾದರೆ ಎತ್ತಿನ ಬಂಡಿಯೇ ಬೇಕು. ಗುಡ್ಡದ ಬುಡದಲ್ಲಿ ಬಂಡಿಕೇರಿ. ಅಲ್ಲಿ ನಲವತ್ತು ಬಂಡಿ, ಎಂಬತ್ತು ಎತ್ತು. ನಲವತ್ತು ಬಂಡಿಯಲ್ಲಿ ಮೂವತ್ತೊಂಬತ್ತನ್ನು ಹೊಡೆಯುವವರು ಗಂಡಸರು. ಸಾಲಿನ ಎಲ್ಲಕ್ಕಿಂತ ಮುಂದಿನ ಬಂಡಿ ಮಾತ್ರ ತಿಪ್ಪಮ್ಮನದು.

ತಿಪ್ಪಮ್ಮನ ಎತ್ತುಗಳ ಹೆಸರು ಮಾಣಿಕ ಮತ್ತು ಮುತ್ತ. ಎರಡನ್ನೂ ಕರುವಾಗಿಂದ ತನ್ನ ಕೈಯಾರೆ ಸಾಕಿದ್ದಳು. ಬಾರುಕೋಲು ಬಂಡಿಯಲ್ಲಿ ಇರುತ್ತಿತ್ತು, ಅದು ಬೆನ್ನು ಕೆರೆದುಕೊಳ್ಳುವುದಕ್ಕೆ, ಅವಳ ಬೆನ್ನು. ಎತ್ತಿಗೆ ಅವಳ ಬಾಯಿಮಾತೇ ಸಾಕು. ‘ಹೈ ಮಗಾ’ ಅಂದರೆ ನಡೆಯುತ್ತಿದ್ದವು. ‘ಹೋ’ ಅಂದರೆ ಇಟ್ಟ ಕಾಲು ಇಟ್ಟಲ್ಲೇ. ‘ಮನೀಗ್ ಬರ್ರೋ’ ಅಂದರೆ ಎಲ್ಲಿದ್ದರೂ ಬಾಲ ಎತ್ತಿಕೊಂಡು ಬರುತ್ತಿದ್ದವು. ಕಾರಹುಣ್ಣಿಮೆಯ ಓಟದಲ್ಲಿ ಮಾಣಿಕ ಓಡಿದರೆ ಹಿಂದೆ ಬಿದ್ದ ಗೊರಸಿನ ಗುರುತು ದಾರ ಹಿಡಿದು ಎಳೆದ ಹಾಗೆ ನೆಟ್ಟಗಿರುತ್ತಿತ್ತು. “ನಂದು ನೆಟ್ಟಗೆ ನಡೆಯೋ ಎತ್ತು” ಅನ್ನುವಾಗ ತಿಪ್ಪಮ್ಮನ ಕುತ್ತಿಗೆ ಎರಡಂಗುಲ ಉದ್ದವಾಗುತ್ತಿತ್ತು.

ಎತ್ತು ಅಂದ ಮೇಲೆ ಸೆಗಣಿ ಹಾಕುತ್ತದೆ. ಬಿಳೀ ಬೀದಿಯಲ್ಲಿ ಹಾಕುತ್ತದೆ. ರಾಜನ ಕಣ್ಣೆದುರೇ ಹಾಕುತ್ತದೆ. ರಾಜನಿಗೆ ಅದೊಂದೇ ಕೊರಗು.

ಹೀಗಿರುವಾಗ ಒಂದು ವೈಶಾಖದಲ್ಲಿ ದೂರದೇಶದಿಂದ ಸೋಜಿಗಯ್ಯ ಅನ್ನುವವನು ಬಂದ. ಜರಿಯ ರುಮಾಲು, ಜೇನಿನ ನಾಲಿಗೆ. ಅವನು ಬಂದ ಬಂಡಿಗೆ ಎತ್ತೇ ಇರಲಿಲ್ಲ! ಅರಮನೆಯ ಅಂಗಳದಲ್ಲಿ ಅದು ಕಿಣಿಕಿಣಿ ಅನ್ನುತ್ತ ತನ್ನಷ್ಟಕ್ಕೆ ಮೂರು ಸುತ್ತು ಹಾಕಿತು. ಹೊಗೆಯಿಲ್ಲ, ಧೂಳಿಲ್ಲ, ಮುಖ್ಯವಾಗಿ ಸೆಗಣಿಯಿಲ್ಲ. ರಾಜ ಸಿಂಹಾಸನದಿಂದ ಎದ್ದುಬಿಟ್ಟ.

“ಬಂಡಿಯ ಹೊಟ್ಟೆಯಲ್ಲಿ ಒಂದು ಪೆಟ್ಟಿಗೆಯಿದೆ ದೊರೆಯೇ” ಅಂದ ಸೋಜಿಗಯ್ಯ. “ಅದರೊಳಗೆ ಉಕ್ಕಿನ ಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿದಿದೆ. ಅದು ಬಿಚ್ಚಿಕೊಳ್ಳುತ್ತಾ ಹೋದ ಹಾಗೆ ಗಾಲಿ ತಿರುಗುತ್ತದೆ. ಪೆಟ್ಟಿಗೆ ಸಡಿಲವಾಯಿತೋ, ಅದನ್ನು ತೆಗೆದು ಬಿಗಿದ ಪೆಟ್ಟಿಗೆ ಇಟ್ಟರಾಯಿತು.”

“ಬಿಗಿಯುವವರು ಯಾರು?”

“ವಾಯುದೇವ! ಆಚೆ ಗುಡ್ಡದ ಮೇಲೆ ನೂರು ಗಾಳಿಚಕ್ರ ನೆಡುತ್ತೇನೆ. ಗಾಳಿ ಬಿಗಿಯುತ್ತದೆ, ಬಂಡಿ ಓಡುತ್ತದೆ. ಎತ್ತುಗಳು ಪಾಪ ಸಾಕಷ್ಟು ದುಡಿದಿವೆ. ಅವನ್ನು ನನಗೆ ಒಪ್ಪಿಸಿ. ಗುಡ್ಡದ ಹಿಂದಿನ ಗೋಮಾಳದಲ್ಲಿ ಹಾಯಾಗಿ ಮೇಯ್ದುಕೊಂಡಿರಲಿ.”

ಸಭೆಯೆಲ್ಲ ಭೇಷ್ ಅಂದಿತು. ಉಪ್ಪಿನ ಮೂಟೆ ಇಳಿಸಲು ಬಂದಿದ್ದ ತಿಪ್ಪಮ್ಮ ಕಂಬದ ಪಕ್ಕದಿಂದ ಮುಂದೆ ಬಂದಳು.

“ಬುದ್ಧೀ, ಒಂದು ಮಾತು ಕೇಳಲಾ? ಗಾಳಿ ಬೀಸದ ದಿನ ಇದು ಏನು ತಿನ್ನುತ್ತೆ?”

“ಮೇಲುಗಾಳಿ ಅಂತ ಇರುತ್ತಮ್ಮಾ, ನಿನ್ನ ಕಣ್ಣಿಗೆ ಕಾಣಲ್ಲ” ಅಂದ ಸೋಜಿಗಯ್ಯ.

“ಏರಿನಲ್ಲಿ ಮೂವತ್ತು ಮೂಟೆ ಎಳೆಯುತ್ತಾ?”

“ಏರನ್ನೇ ಅದು ಇಳಿಜಾರು ಅಂದುಕೊಳ್ಳುತ್ತೆ.”

“ದಾರೀಲಿ ಸಡಿಲ ಆಗಿ ನಿಂತರೆ?”

ಸೋಜಿಗಯ್ಯ ಸಭೆಯ ಕಡೆ ತಿರುಗಿದ. “ಈಯಮ್ಮನ ಹೆಸರೇನು?”

“ತಿಪ್ಪಮ್ಮ” ಅಂದರು ಯಾರೋ.

“ಅದಕ್ಕೇ! ಹೆಸರು ತಿಪ್ಪೆ, ಯೋಚನೆಯೂ ತಿಪ್ಪೆಯದೇ!”

ಸಭೆ ಗೊಳ್ಳೆಂದಿತು. ರಾಜನೂ ನಕ್ಕ. ತಿಪ್ಪಮ್ಮ ಸೋಜಿಗಯ್ಯನ ಕಡೆ ತಿರುಗಿದಳು.

“ಹೌದು ಸ್ವಾಮಿ. ನನಗಿಂತ ಮುಂಚೆ ಹುಟ್ಟಿದ ಮೂರು ಕೂಸೂ ಉಳೀಲಿಲ್ಲ. ನಾನು ಹುಟ್ಟಿದಾಗ ನಮ್ಮಜ್ಜಿ ತಿಪ್ಪೆ ಮೇಲೆ ಹೊರಳಿಸಿ ಈ ಹೆಸರಿಟ್ಟಳು. ಜವರಾಯ ಬಂದು ನೋಡಿದ, ಕಸ ಅಂದ್ಕೊಂಡು ವಾಪಸ್ ಹೋದ. ಜವರಾಯನ್ನೇ ತಿರುಗಿಸಿ ಕಳಿಸಿದ ಹೆಸರು ನಂದು. ನಿಮ್ಮ ನಗೆಗೆಲ್ಲ ಅಲ್ಲಾಡಲ್ಲ.”

ಅಷ್ಟು ಹೇಳಿ ಖಾಲಿ ಬಂಡಿ ಹೊಡೆದುಕೊಂಡು ಇಳಿದು ಹೋದಳು.

ಬಂಡಿಕೇರಿಯಲ್ಲಿ ಡಂಗುರ ಹೊಡೆಸಿದರು. ‘ಎಲ್ಲರೂ ಎತ್ತು ಒಪ್ಪಿಸತಕ್ಕದ್ದು.’ ಮೊದಲ ಡಂಗುರಕ್ಕೆ ಯಾರೂ ಏಳಲಿಲ್ಲ. ಎರಡನೇ ಡಂಗುರಕ್ಕೆ ಹತ್ತು ಮಂದಿ ಎದ್ದರು. ಮೂರನೇ ಡಂಗುರದ ಜೊತೆ ಸಿಪಾಯಿಗಳೇ ಬಂದರು. ತಿಪ್ಪಮ್ಮ ಅವರಿಗೆ ಎತ್ತು ಮುಟ್ಟಲು ಬಿಡಲಿಲ್ಲ. ತಾನೇ ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ತಾನೇ ನಡೆಸಿಕೊಂಡು ಹೋಗಿ ಬಿಟ್ಟಳು. ಆದರೆ ಕೊರಳಿನ ಕಣ್ಣಿಹಗ್ಗ ಮಾತ್ರ ಬಿಚ್ಚಿಕೊಂಡಳು. ಎತ್ತು ಕೊಟ್ಟರೂ ಕಣ್ಣಿ ಕೊಡಬಾರದು ಅನ್ನುವುದು ಬಂಡಿಕೇರಿಯ ವಾಡಿಕೆ.

“ಹಗ್ಗ ಇಟ್ಕೊಂಡು ಏನ್ಮಾಡ್ತೀಯಮ್ಮಾ?” ಅಂದ ಸಿಪಾಯಿ.

“ಕಾಯ್ತೀನಿ” ಅಂದಳು.

ಎಲ್ಲರಿಗೂ ಹೊಸ ಬಂಡಿ ಸಿಕ್ಕಿತು. ತಿಪ್ಪಮ್ಮನೂ ಒಂದನ್ನು ಓಡಿಸಿದಳು. ಇಲ್ಲದ ಮಾತು ಆಡುವವಳಲ್ಲ ಅವಳು. “ಸಮತಟ್ಟಿನಲ್ಲಿ ಚೆನ್ನಾಗೇ ಹೋಗುತ್ತೆ ಕಣ್ರೋ. ಸೊಂಟಕ್ಕೆ ಹಿತ” ಅಂದಳು. ಆಷಾಢದ ಗಾಳಿ ಸುಯ್ಯೆಂದು ಬೀಸುತ್ತಿತ್ತು. ಆಚೆ ಗುಡ್ಡದ ಮೇಲೆ ನೂರು ಚಕ್ರ ಗರಗರ ತಿರುಗುತ್ತಿದ್ದವು. ನೋಡುವುದಕ್ಕೂ ಚಂದವೇ.

ಆದರೆ ಏರು ಏರೇ ಅಲ್ಲವೇ?

ಉಪ್ಪಿನ ಬಂಡಿ ಮೂರನೇ ತಿರುವಿನಲ್ಲಿ ನಿಂತಿತು. ಹತ್ತು ಜನ ಹಿಂದಿನಿಂದ ತಳ್ಳಿದರು. ಅರಮನೆಗೆ ದೂರು ಹೋಯಿತು. “ಹೊಸತಲ್ಲವೇ!” ಅಂತು ಅರಮನೆ.

ಬಿಗಿದ ಪೆಟ್ಟಿಗೆ ಸಾಲದೆ ಬಂಡಿಯವರು ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಲು ಹಚ್ಚಿ ಕೂತರು. ಕೂತು ಕೂತು ಬಂಡಿಕೇರಿಯ ಗಂಡಸರೆಲ್ಲ ಚೌಕಾಬಾರದಲ್ಲಿ ಭಾರೀ ಪ್ರವೀಣರಾದರು. ಕೋಟೆಯಲ್ಲಿ ಸೌದೆ ಮುಗಿಯಿತು. “ಹೊಸತಲ್ಲವೇ!” ಅಂತು ಅರಮನೆ.

ಕೋಟೆಯ ಸೂಲಗಿತ್ತಿಯ ಹತ್ತಿರ ಹೊರಟ ತುಂಬುಬಸುರಿಯೊಬ್ಬಳು ಐದನೇ ತಿರುವಿನಲ್ಲಿ ನಿಂತ ತಿಪ್ಪಮ್ಮನ ಬಂಡಿಯಲ್ಲೇ ಹೆತ್ತಳು. ಮಗು ಅತ್ತಾಗ ತಿಪ್ಪಮ್ಮ ತನ್ನ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. “ಇದೂ ಹೊಸತೇ. ಇದನ್ನಾದರೂ ಅರಮನೆಗೆ ತೋರಿಸ್ರಪ್ಪಾ” ಅಂದಳು.

ಶ್ರಾವಣ ಕಳೆಯಿತು. ಭಾದ್ರಪದ ಬಂತು. ಗಾಳಿ ಬಿದ್ದುಹೋಯಿತು. ಅರಳಿ ಎಲೆಯೂ ಅಲುಗದು. ಆಚೆ ಗುಡ್ಡದ ಮೇಲೆ ನೂರು ಚಕ್ರವೂ ಸೊಪ್ಪಾಗಿ ನಿಂತಿದ್ದವು. ತಿಂಗಳು ಕಳೆದರೂ ಗಾಳಿಯಿಲ್ಲ, ಆದರೂ ದಿನಾ ಬೆಳಿಗ್ಗೆ ಬಿಗಿದ ಪೆಟ್ಟಿಗೆಗಳು ಬರುತ್ತಲೇ ಇದ್ದವು!

ತಿಪ್ಪಮ್ಮ ಒಂದು ಪೆಟ್ಟಿಗೆ ಎತ್ತಿ ಮೂಗಿಗೆ ಹಿಡಿದಳು. ಗಾಳಿ ಬಿಗಿದ ಪೆಟ್ಟಿಗೆಯಲ್ಲಿ ಗಂಜಲದ ವಾಸನೆ ಯಾಕೆ?

ಮೂರು ದಿನ ಆ ವಾಸನೆ ಅವಳ ಮೂಗು ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಮಾಣಿಕ ನಿಂತಿದ್ದ. ಕೊರಳಲ್ಲಿ ಹರಿದ ಹಗ್ಗ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು.

“ಬಂದ್ಯಾ ನನ್ನಪ್ಪಾ! ಬಾ, ಬಾ” ಅಂತ ಕೈ ಚಾಚಿದಳು.

ಮಾಣಿಕ ಬಂದ. ಆದರೆ ನೆಟ್ಟಗೆ ಬರಲಿಲ್ಲ. ಎಡಕ್ಕೆ ವಾಲಿ ಒಂದು ಸುತ್ತು ಹಾಕಿದ. ಅವಳನ್ನು ದಾಟಿ ಹೋಗಿ ಇನ್ನೊಂದು ಸುತ್ತು ಹಾಕಿದ. ಮತ್ತೊಂದು. ಅಂಗಳದ ನಡುವಿನ ಒರಳುಕಲ್ಲನ್ನು ಸುತ್ತುತ್ತಲೇ ಇದ್ದ. ಕಣ್ಣಿನ ಸುತ್ತ ಪಟ್ಟಿ ಕಟ್ಟಿದ ಗುರುತು. ಹೆಗಲಿನ ಒಂದೇ ಮಗ್ಗುಲು ಜಡ್ಡುಗಟ್ಟಿತ್ತು.

ಬಂಡಿ ಎಳೆದ ಎತ್ತಿನ ಹೆಗಲು ಎಲ್ಲಿ ಜಡ್ಡುಗಟ್ಟುತ್ತೆ ಅಂತ ತಿಪ್ಪಮ್ಮನಿಗೆ ಗೊತ್ತಿತ್ತು. ಇದು ಬಂಡಿಯ ಗುರುತಲ್ಲ. ಗಾಣದ್ದು. ಕಣ್ಣು ಕಟ್ಟಿ ಸುತ್ತಿಸುವ ಗಾಣದ್ದು.

ಅವಳಿಗೆ ಅಳು ಬಂತು. ದಾರ ಹಿಡಿದ ಹಾಗೆ ನಡೆಯುತ್ತಿದ್ದ ಮಾಣಿಕ! ಅಳು ನುಂಗಿಕೊಂಡು ಅವನಿಗೆ ಹುರುಳಿ ಇಟ್ಟಳು. ಗೂಟದಲ್ಲಿ ತೂಗುಬಿಟ್ಟಿದ್ದ ಹಳೇ ಕಣ್ಣಿಯನ್ನು ಕೊರಳಿಗೆ ಹಾಕಿದಳು. ಆಮೇಲೆ ಸೆರಗು ಸಿಕ್ಕಿಸಿ ಆಚೆ ಗುಡ್ಡಕ್ಕೆ ಹೊರಟಳು.

ಗುಡ್ಡದ ಹಿಂದೆ ಗೋಮಾಳವಿರಲಿಲ್ಲ. ಎತ್ತರದ ಕಳ್ಳಿಬೇಲಿ ಇತ್ತು. ಬೇಲಿಯ ಬಾಗಿಲಲ್ಲಿ ಸೋಜಿಗಯ್ಯನ ಕಾವಲುಗಾರ.

“ಇಲ್ಲಿ ನಿಲ್ಲಬೇಡಮ್ಮಾ. ಹೆಂಗಸರ ನೆರಳು ಬಿದ್ದರೆ ಗಾಳಿ ಮುನಿಸಿಕೊಳ್ಳುತ್ತೆ.”

“ಹೌದಾ? ನೆರಳು ಆಚೆ ಕಡೆ ಬೀಳೋ ಹಂಗೆ ನಿಲ್ತೀನಿ ಬಿಡಪ್ಪಾ” ಅಂದಳು ತಿಪ್ಪಮ್ಮ. ಬೇಲಿ ಬಳಸಿ ಹಿಂದಕ್ಕೆ ಹೋದಳು. ಒಳಗಿನಿಂದ ಕಿರ್ರ್, ಕಿರ್ರ್ ಅಂತ ಸದ್ದು ಕೇಳುತ್ತಿತ್ತು. ಬೇಲಿಗೆ ಬಾಯಿ ಇಟ್ಟು ಒಂದು ಮಾತು ಮೆಲ್ಲಗೆ ಅಂದಳು. ಸದ್ದು ನಿಂತಿತು. ಇನ್ನೊಂದು ಮಾತು ಅಂದಳು. ಸದ್ದು ಮತ್ತೆ ಶುರುವಾಯಿತು.

ತಿಪ್ಪಮ್ಮ ಕಣ್ಣೊರೆಸಿಕೊಂಡು, ಮೊದಲ ಸಲ ನಕ್ಕಳು.

ಮರುದಿನ ಅರಮನೆಯಲ್ಲಿ ಅವಳು ರಾಜನಿಗೆ ಅಡ್ಡಬಿದ್ದಳು. “ಬುದ್ಧೀ, ನನ್ನದು ತಪ್ಪಾಯ್ತು. ಎಲೆ ಅಲುಗದಿದ್ದರೂ ಪೆಟ್ಟಿಗೆ ಬಿಗೀತಾವೆ. ಇಂಥ ಗಾಳಿಗೆ ನಾವು ಒಂದು ಕಾಯಿ ಕೂಡ ಒಡೆದಿಲ್ಲವಲ್ಲ! ಬಂಡಿಕೇರಿಯವರೆಲ್ಲ ಸೇರಿ ಗಾಳಿಪೂಜೆ ಮಾಡ್ತೀವಿ. ತಾವು ಬರಬೇಕು.”

ರಾಜ ಹಿಗ್ಗಿದ. ಸೋಜಿಗಯ್ಯ ಒಂದು ಗಳಿಗೆ ಗಡ್ಡ ತುರಿಸಿಕೊಂಡ. ಆಮೇಲೆ ಅವನೂ ಹಿಗ್ಗಿದ. ತಿಪ್ಪೆಯವಳೇ ಬಂದು ಕಾಲಿಗೆ ಬಿದ್ದ ಮೇಲೆ ಇನ್ನೇನು? ಗುಡ್ಡಕ್ಕೆ ಓಡಿಹೋಗಿ ತನ್ನ ಆಳುಗಳಿಗೆ ಹೇಳಿದ: “ರಾಜ ಬಂದಾಗ ಚಕ್ರ ನಿಂತಿರಬಾರದು. ಪೆಟ್ಟಿಗೆ ಬಿಗಿಯೋ ಗಾಣದ ತೊಲೆಗೂ ಚಕ್ರಕ್ಕೂ ಹಗ್ಗ ಬಿಗೀರಿ. ಎತ್ತು ಸುತ್ತಿದ ಹಾಗೆ ಚಕ್ರವೂ ಸುತ್ತಲಿ.”

ಪೂಜೆಯ ದಿನ ಬಂತು. ನಡುಮಧ್ಯಾಹ್ನ. ಹಚ್ಚಿದ ಊದುಬತ್ತಿಯ ಹೊಗೆ ಗೆರೆ ಎಳೆದಂತೆ ಮೇಲಕ್ಕೆ ಹೋಗುತ್ತಿತ್ತು, ಅಷ್ಟು ನಿಶ್ಚಲ. ಆದರೆ ನೂರು ಚಕ್ರವೂ ಗರಗರ ತಿರುಗುತ್ತಿದ್ದವು!

“ನೋಡಿದಿರಾ ದೊರೆಯೇ, ಮೇಲುಗಾಳಿ!” ಅಂದ ಸೋಜಿಗಯ್ಯ.

ರಾಜ ಎರಡೂ ಕೈ ಜೋಡಿಸಿದ. ಬಂಡಿಕೇರಿಯ ಉಳಿದ ಮೂವತ್ತೊಂಬತ್ತು ಜನ ಹಿಂದೆ ಸಾಲಾಗಿ ನಿಂತಿದ್ದರು. ತಿಪ್ಪಮ್ಮ ಕಾಯಿ ಒಡೆದು, ನೀರು ಚಿಮುಕಿಸಿ, ರಾಜನ ಕಡೆ ತಿರುಗಿದಳು.

“ಬುದ್ಧೀ, ಪಾಪ, ಈ ಗಾಳಿ ನಮಗೋಸ್ಕರ ಸುತ್ತಿ ಸುತ್ತಿ ದಣಿದಿರುತ್ತೆ. ಒಂದು ಗಳಿಗೆ ನಿಂತುಕೋ ಅಂತ ಹೇಳಲಾ?”

ಸೋಜಿಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಹೇಳು, ಹೇಳು! ಗಾಳಿ ನಿನ್ನ ಮಾತು ಕೇಳಿದರೆ ನಾನು ನೊಗಕ್ಕೆ ಹೆಗಲು ಕೊಡ್ತೀನಿ!”

“ಬುದ್ಧಿಯವರು ಕೇಳಿಸಿಕೊಂಡಿರಾ?”

“ಕೇಳಿಸಿಕೊಂಡೆ” ಅಂದ ರಾಜ, ನಗುತ್ತಲೇ.

ತಿಪ್ಪಮ್ಮ ಎರಡು ಕೈಯನ್ನೂ ಬಾಯಿಗೆ ದೋಣಿ ಮಾಡಿ ಹಿಡಿದಳು. ಏಳು ತಿರುವಿನ ಏರಿನಲ್ಲಿ ಇಪ್ಪತ್ತು ವರ್ಷ ಪಳಗಿದ ಗಂಟಲು ಅದು.

“ಹೋ… ಹೋ…!”

ನೂರು ಚಕ್ರವೂ ನಿಂತವು. ಇಟ್ಟಲ್ಲೇ.

ರಾಜನ ನಗು ಅರ್ಧಕ್ಕೆ ನಿಂತಿತು. ಸೋಜಿಗಯ್ಯನ ಹೊಟ್ಟೆ ಹಿಡಿದ ಕೈ ಹೊಟ್ಟೆಯ ಮೇಲೆಯೇ ಉಳಿಯಿತು.

“ಹೈ ಮಗಾ! ಹೈ ಮುತ್ತಾ!”

ಚಕ್ರಗಳು ತಿರುಗಿದವು.

“ಏನಿದು?” ಅಂದ ರಾಜ. “ಗಾಳಿಗೆ ಮುತ್ತ ಅಂತ ಹೆಸರಿದೆಯಾ?”

“ಗಾಳಿಗೆ ಇಲ್ಲ ಬುದ್ಧೀ. ನನ್ನ ಎತ್ತಿಗೆ ಇದೆ.”

ಅಷ್ಟು ಹೇಳಿ ತಿಪ್ಪಮ್ಮ ಹಿಂದೆ ನಿಂತವರಿಗೆ ಕಣ್ಣು ಸನ್ನೆ ಮಾಡಿದಳು. ಮೂರನೇ ಕೂಗು ಅವಳೊಬ್ಬಳದಲ್ಲ. ನಲವತ್ತು ಗಂಟಲು ಒಟ್ಟಿಗೆ ಕೂಗಿದವು. ಮುತ್ತಾ, ಬಸವಾ, ಗೌಳಾ, ಚೆನ್ನಾ, ಒಬ್ಬೊಬ್ಬರೂ ಅವರವರ ಎತ್ತಿನ ಹೆಸರು ಹಿಡಿದು ಕೂಗಿದರು:

“ಮನೀಗ್ ಬರ್ರೋ!”

ಗುಡ್ಡದ ಹಿಂದೆ ಏನೋ ಮುರಿದ ಸದ್ದು. ಕಳ್ಳಿಬೇಲಿ ಲಟಲಟ ಅಂತು. ಒಂದೊಂದಾಗಿ ಚಕ್ರಗಳು ಮಗುಚಿ ಬಿದ್ದವು. ಎಪ್ಪತ್ತೊಂಬತ್ತು ಎತ್ತು ಮುರಿದ ತೊಲೆಗಳನ್ನು ಎಳೆದುಕೊಂಡು ಗುಡ್ಡ ಹತ್ತಿ ಬಂದವು. ಕಣ್ಣಿಗೆ ಪಟ್ಟಿ. ಮೈಯೆಲ್ಲ ಎಲುಬು. ರಾಜನ ಮುಂದೆ ಬಂದು, ನಿಲ್ಲಲಾರದೆ, ಎಡಕ್ಕೆ ವಾಲಿ, ಸುತ್ತುತೊಡಗಿದವು. ಬಂಡಿಯವರು ಓಡಿಹೋಗಿ ಒಂದೊಂದರ ಕೊರಳು ತಬ್ಬಿದರು. ಗಂಡಸರು ಅಳುವುದನ್ನು ರಾಜ ಅವತ್ತೇ ಮೊದಲು ನೋಡಿದ್ದು.

“ಆಷಾಢ, ಶ್ರಾವಣದಲ್ಲಿ ಗಾಳಿ ಬಿಗಿದದ್ದು ನಿಜ ಬುದ್ಧೀ” ಅಂದಳು ತಿಪ್ಪಮ್ಮ. “ಎರಡು ತಿಂಗಳು. ಉಳಿದದ್ದೆಲ್ಲ ಇವು ಬಿಗಿದದ್ದು. ತಮ್ಮ ಬೀದೀಲಿ ಸೆಗಣಿ ಕಾಣಲಿಲ್ಲ. ಯಾಕೆ ಗೊತ್ತಾ? ಇಲ್ಲಿ ಬಿದ್ದಿತ್ತು. ಎತ್ತು ಏನೂ ರಾಜ್ಯ ಬಿಟ್ಟು ಹೋಗಿರಲಿಲ್ಲ. ತಮ್ಮ ಕಣ್ಣು ಬಿಟ್ಟು ಹೋಗಿತ್ತು, ಅಷ್ಟೆ.”

ರಾಜ ತಲೆ ತಗ್ಗಿಸಿದ. ತಗ್ಗಿಸಿ ನೋಡಿದರೆ ಅವನ ಬಿಳೀ ಜೋಡು ಸೆಗಣಿಯಲ್ಲೇ ಇತ್ತು. ಅವನು ಕಾಲು ತೆಗೆಯಲಿಲ್ಲ.

“ಸೋಜಿಗಯ್ಯಾ, ನಿನ್ನ ಮಾತು ನನ್ನ ಕಿವಿಯಲ್ಲಿದೆ” ಅಂದ. “ಹೆಗಲು ಕೊಡು.”

ಸೋಜಿಗಯ್ಯನಿಗೆ ವಿಧಿಸಿದ್ದು ಒಂದೇ ಕೆಲಸ. ಒಂದು ಪೆಟ್ಟಿಗೆಯನ್ನು ಸ್ವಂತ ಹೆಗಲಲ್ಲಿ ಬಿಗಿಯಬೇಕು. ಆ ಬಿಗಿಯಲ್ಲಿ ಒಂದು ಬಂಡಿ ಗೊಬ್ಬರ ಏಳು ತಿರುವು ಹತ್ತಿ ರಾಜನ ಹೂದೋಟಕ್ಕೆ ಸೇರಬೇಕು. ಸೇರಿದ ದಿನ ಬಿಡುಗಡೆ. ಅವನು ಇನ್ನೂ ಬಿಗಿಯುತ್ತಲೇ ಇದ್ದಾನೆ ಅನ್ನುತ್ತಿದ್ದರು ದಾಕ್ಷಾಯಣಕ್ಕ. ಮೂರನೇ ತಿರುವು ದಾಟಿಲ್ಲವಂತೆ.

“ಬೀಳದೆ ಉಳಿದ ಚಕ್ರಗಳನ್ನು ಸುಟ್ಟುಬಿಡಲಾ?” ಅಂತ ರಾಜ ಕೇಳಿದ.

“ಬೇಡಿ ಬುದ್ಧೀ. ಚಕ್ರ ಏನು ತಪ್ಪು ಮಾಡಿದೆ? ಗಾಳಿ ಬೀಸಿದ ದಿನ ಬಿಗೀಲಿ. ಬಿಗಿದಷ್ಟು ಮೇಲಿನ ಬೀದೀಲಿ ಮುದುಕರನ್ನ ಕೂರಿಸಿಕೊಂಡು ಓಡಾಡಲಿ. ಏರಿಗೆ ಮಾತ್ರ ನಮ್ಮನ್ನ ಕರೀರಿ.”

ಇನ್ನು ಮಾಣಿಕ.

ಎತ್ತು ಮನೆಗೆ ಬಂತು, ಆದರೆ ನಡಿಗೆ ಬರಲಿಲ್ಲ. ನೊಗ ಇಟ್ಟರೆ ಎಡಕ್ಕೇ ಎಳೆಯುತ್ತಿದ್ದ. ತಿಪ್ಪಮ್ಮ ರಾಜನ ಹತ್ತಿರ ಕೇಳಿದ್ದು ಒಂದೇ, ಒಂದು ಗಡಿಗೆ ಸುಣ್ಣ. ಬಂಡಿಕೇರಿಯ ಬೀದಿಯುದ್ದಕ್ಕೂ ಒಂದು ಬಿಳೀ ಗೆರೆ ಎಳೆದಳು. ದಿನಾ ಬೆಳಿಗ್ಗೆ ಮಾಣಿಕನ ಕಣ್ಣಿ ಹಿಡಿದು ಆ ಗೆರೆಯ ಮೇಲೆ ಮುಂದೆ ಮುಂದೆ ನಡೆದಳು. “ನೋಡು, ಈಗ ಪಟ್ಟಿ ಇಲ್ಲ. ನೆಟ್ಟಗೆ ನೋಡು” ಅನ್ನುತ್ತಿದ್ದಳು. ಗೆರೆ ಅಳಿಸಿದ ದಿನ ರಾಜನೇ ಗಡಿಗೆ ಹಿಡಿದು ಇಳಿದು ಬಂದು ಎಳೆಯುತ್ತಿದ್ದ. ಆ ವರ್ಷ ಕೋಟೆಗೆ ಒಂದೇ ಸಲ ಸುಣ್ಣ. ಉಳಿದದ್ದೆಲ್ಲ ಬಂಡಿಕೇರಿಯ ಬೀದಿಗೆ.

ಕಾರಹುಣ್ಣಿಮೆ ಬಂತು. ಓಟದಲ್ಲಿ ಮಾಣಿಕ ಎಲ್ಲಕ್ಕಿಂತ ಕೊನೆಗೆ ಬಂದ. ಜನ ಗೆದ್ದ ಎತ್ತಿನ ಹಿಂದೆ ಕೇಕೆ ಹಾಕುತ್ತ ಹೋದರು. ತಿಪ್ಪಮ್ಮ ಮಾತ್ರ ಬಗ್ಗಿ ನೆಲ ನೋಡುತ್ತಿದ್ದಳು. ಗೊರಸಿನ ಗುರುತು ಈ ತುದಿಯಿಂದ ಆ ತುದಿಗೆ ದಾರ ಹಿಡಿದ ಹಾಗೆ ಇತ್ತು. ಅವತ್ತು ಸುಣ್ಣದ ಗೆರೆಯೂ ಇರಲಿಲ್ಲ.

“ಕೊನೇಲಿ ಬಂದನಲ್ಲ ತಿಪ್ಪಮ್ಮಾ?” ಅಂದ ಯಾರೋ.

“ನಂದು ನೆಟ್ಟಗೆ ನಡೆಯೋ ಎತ್ತು” ಅಂದಳು. ಕುತ್ತಿಗೆ ನಾಲ್ಕಂಗುಲ ಉದ್ದವಾಗಿತ್ತು.

ಕಥೆಯ ನೀತಿ ಇಷ್ಟು. ಎತ್ತಿಲ್ಲದ ಬಂಡಿ ಯಾರಾದರೂ ತೋರಿಸಿದರೆ ಹತ್ತಿ ನೋಡಿ, ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ. ಆದರೆ ಇಳಿಯುವ ಮೊದಲು ಕೇಳಿ: ಇದನ್ನು ಬಿಗಿದವರು ಯಾರು, ಎಲ್ಲಿ ಬಿಗಿದರು, ಗಾಳಿ ನಿಂತ ದಿನ ಬಿಗಿಯುವವರು ಯಾರು? ಕೇಳಿದವರನ್ನು ನೋಡಿ ನಕ್ಕರೆ ನಗಲಿ. ಪ್ರಶ್ನೆ ಕೇಳಿದ್ದಕ್ಕೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ದಾಕ್ಷಾಯಣಕ್ಕ ಇದನ್ನು ಕರೆಂಟು ಬರುವುದನ್ನು ಕಾಯುತ್ತಿದ್ದವರಿಗೆ ಹೇಳುತ್ತಿದ್ದರು. ಈಗ ಹೆದ್ದಾರಿಯ ಚಾರ್ಜಿಂಗ್ ಕಟ್ಟೆಯಲ್ಲಿ ಮುಂದಿನ ಕಾರು ತುಂಬುವುದನ್ನು ಕಾಯುತ್ತಾ ಕೂತವರಿಗೂ ಕಥೆ ಬೇಕಾಗುತ್ತದೆ, ಬಿಡುವಂತೂ ಬೇಕಾದಷ್ಟಿರುತ್ತದೆ. ನಿಮ್ಮ ಪಕ್ಕದಲ್ಲಿ ಕೂತವರಿಗೆ ಇದನ್ನು ಹೇಳಿ. ಅವರ ಗಾಡಿ ತುಂಬಿದರೂ ಮುಗಿಯುವವರೆಗೆ ಏಳಲು ಬಿಡಬೇಡಿ. ಎದ್ದೇ ಹೊರಟರೆ, ಹೇಗೆ ನಿಲ್ಲಿಸಬೇಕು ಅಂತ ನಿಮಗೀಗ ಗೊತ್ತಲ್ಲ. ‘ಹೋ’ ಅನ್ನಿ.